ಬೆಲ್ಟ್ ಕ್ಯಾಮೆರಾದ್ದು, ಸಾಮಾನು ವಾಚಿಂದು

ದೋಸ್ತ,

ನಿನ್ನ ಕ್ಯಾಮೆರಾದ ಕೊರಳ ಬೆಲ್ಟ್ ಹರಿದದ ಅಂತ ನೀ ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಬೆಲ್ಟ್ ಹರಿದಿದ್ದು ಅದರ ತಪ್ಪಲ್ಲ. ಕ್ಯಾಮೆರಾದ ಕಿವಿಯೊಳಗಿನ (ಬೆಲ್ಟ್ ಸಿಗಿಸ್ಲಿಕ್ಕ ಬದಿಗಿರೋ ತೂತಿನ ಜಾಗ) ಉಂಗುರದ ತುದಿ ಚೂಪಾಗಿ ಹೊಲಿಗಿ ಕೊಯ್ದದ. ಅದೇ ಉಂಗುರಕ್ಕ ಹೊಸ ಬೆಲ್ಟ್ ಹಾಕಿದ್ರ ಅದರ ಗತಿನೂ ಅಷ್ಟೇ. ಎರಡೂ ಬದಲಿ ಮಾಡು. ಅಗ್ಗದ ಕೀಲಿ ರಿಂಗ್ ಮಾತ್ರ ಬ್ಯಾಡ. ಮ್ಯಾಲಿನ ಹೊಳಪು ಹೋದ ಮ್ಯಾಲ ಬೆವರಿಗೆ ತುಕ್ಕು ಹಿಡೀತದ, ನಮ್ಮ ಕಡಿ ಬ್ಯಾಸಗಿ ನಿನಗೇನು ಹೊಸಾದಲ್ಲ. ಸ್ಟೇನ್‌ಲೆಸ್ ಸ್ಟೀಲಿಂದೇ ತಗೋ.

ಉಂಗುರ ಬದಲಿ ಮಾಡ್ಲಿಕ್ಕ ವಾಚಿನ ಬೆಲ್ಟ್ ಬಿಚ್ಚೋ ಕಡ್ಡಿ ಇದ್ರ ಸಾಕು. ಒಂದು ತುದಿಗೆ ತೆಳು ಕವಲು, ಇನ್ನೊಂದಕ್ಕ ಸೂಜಿಯಂಥ ಮೊನೆ ಇರ್ತದ. ಜತಿಗೆ ಒಂದು ಚಿಮಟಾ, ಕಾಗದದ ಟೇಪ್, ಹಲ್ಲುಕಡ್ಡಿ. ಫ್ಯೂಜಿಫಿಲ್ಮಿನವರು ಎಕ್ಸ್100 ಕ್ಯಾಮೆರಾ ಜತಿ ಇದೇ ಕೆಲಸಕ್ಕ ಸಣ್ಣ ಸಲಕರಣಿ ಕೊಡ್ತಿದ್ರು, ಆದ್ರ ಅದು ಡಬ್ಬಿಯೊಳಗೇ ಉಳೀತದ ಇಲ್ಲಾ ಕಳೀತದ.

ಬ್ಯಾಟರಿ ತಗಿ, ಲೆನ್ಸಿಗೆ ಮುಚ್ಚಳ ಹಾಕು, ಮಡಚಿದ ಟವೆಲ್ ಮ್ಯಾಲ ಕ್ಯಾಮೆರಾ ಇಡು. ಕಿವಿ ಸುತ್ತ ಟೇಪ್ ಎರಡು ಪದರ ಹಚ್ಚು. ಕಡ್ಡಿ ಜಾರೋದು ಗ್ಯಾರಂಟಿ, ಗೀರು ಬಣ್ಣಕ್ಕ ಬೀಳದೆ ಟೇಪಿಗೆ ಬೀಳ್ಲಿ. ಮೊನೆ ಯಾವಾಗ್ಲೂ ಕ್ಯಾಮೆರಾದಿಂದ ಆಚೆ ಕಡಿಗೇ ಇರ್ಲಿ.

ಉಂಗುರದ ಎರಡು ಸುತ್ತಿನ ನಡುವ, ತಂತಿ ಮುಗಿಯೋ ಜಾಗದ ಹತ್ರ ಕವಲು ತೂರಿಸು. ಈಗ ಮೀಟಬ್ಯಾಡ, ಕಡ್ಡಿ ತಿರುವು. ಮೀಟಿದ್ರ ಅಗ್ಗದ ಕಡ್ಡಿಯ ತುದಿ ಮಣೀತದ, ತಿರುವಿದ್ರ ಬಾಯಿ ಬಿಡ್ತದ. ಅಲ್ಲೇ ಹಲ್ಲುಕಡ್ಡಿ ತುಂಡು ಸಿಗಿಸು. ತೆರೆದ ತುದಿ ಕಿವಿಯ ತೂತಿಗೆ ಏರಿಸಿ, ಚಿಮಟಾದಿಂದ ಉಂಗುರ ಸುತ್ತ ತಿರುಗಿಸ್ತಾ ಹೋಗು. ಕಡೀ ತುದಿ ತೂತು ದಾಟಿದ ಕೂಡ್ಲೇ "ಟಕ್" ಅಂತದ. ಹಳೇದು ಬಿಚ್ಚೋದೂ ಹಿಂಗೇ. ವಾಚಿನ ಹಿಂಬದಿ ಮುಚ್ಚಳ ತಗಿಯೋ ಚಾಕು ಮಾತ್ರ ಮುಟ್ಟಬ್ಯಾಡ, ಅದು ಜಾರಿದ್ರ ಸೀದಾ ಬೆರಳಿಗೇ.

ಬಾಯಿ ಎಷ್ಟು ಬೇಕೋ ಅಷ್ಟೇ ತೆರಿ. ಹೆಚ್ಚಾದ್ರ ಉಂಗುರದ ಸ್ಪ್ರಿಂಗ್ ಗುಣ ಸತ್ತು ಹೋಗ್ತದ. ಹಾಕಿದ ಮ್ಯಾಲ ಬೆಳಕಿಗೆ ಹಿಡಿದು ನೋಡು: ಸುತ್ತುಗಳ ನಡುವ ಸಂದು ಕಂಡ್ರ ಆ ಉಂಗುರ ಬಿಸಾಕು. ಇಕ್ಕಳದಿಂದ ಒತ್ತಿದ್ರ ಕೂಡಿದಂಗ ಕಾಣ್ತದ, ಕೂಡಿರಲ್ಲ.

ಉಂಗುರ ಕ್ಯಾಮೆರಾಕ್ಕ ತಾಗದಂಗ ಹಾಕೋ ಚರ್ಮದ ಸಣ್ಣ ಹೊದಿಕಿ ಇದ್ರ ಬೆಲ್ಟಿಗಿಂತ ಮೊದ್ಲೇ ಉಂಗುರಕ್ಕ ಏರಿಸು, ಆಮ್ಯಾಲ ಆಗಲ್ಲ. ಬೆಲ್ಟಿನ ತುದಿ ಮೊದ್ಲು ಬೆಲ್ಟ್ ಮ್ಯಾಲ ಸರಿದಾಡೋ ಸಣ್ಣ ಕೊಂಡಿಯೊಳಗ, ಆಮ್ಯಾಲ ಉಂಗುರದೊಳಗ, ತಿರುಗಿ ಕೊಂಡಿಯೊಳಗ, ಕಡೀಗೆ ಬಕಲ್‌ಗೆ. ಬಾಲ ಒಳಮೈಗೇ ಇರ್ಲಿ, 5 ಸೆಂ.ಮೀ. ಆದ್ರೂ ಉಳೀಲಿ.

ಹಾಸಿಗಿ ಮ್ಯಾಲ ಹಿಡಿದು ಕೈಯಿಂದ ಜೋರು ಜಗ್ಗಿ ನೋಡು. ಬಕಲ್ ಹತ್ರ ಬೆಲ್ಟ್ ಮ್ಯಾಲ ಪೆನ್ನಿಂದ ಒಂದು ಗೆರಿ ಹಾಕು. ಬೀದರ್ ಕೋಟೆ ಒಂದು ಸುತ್ತು ಹಾಕಿ ಬಂದ ಮ್ಯಾಲ ಗೆರಿ ಸರಿದಿದ್ರ ನೈಲಾನ್ ಬೆಲ್ಟ್ ಜಾರ್ಲಿಕತ್ತದ ಅಂತ ತಿಳಿ, ಬಿಚ್ಚಿ ಮತ್ತ ಪೋಣಿಸು.

ನಿನ್ನ ಗೆಳೆಯ,
ಕಲಬುರಗಿ