ಕೊಲೆಗಾರ ಸಿಗಲಿ, ದೇವರ ಪ್ರಶ್ನೆ ಉಳಿಯಲಿ

ಪ್ರೀತಿಯ ತಂಗಿ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ಹೊಸೂರು ರಸ್ತೆಯ ಲ್ಯಾಬು, ತಲೆಗೆ ಹಾಕಿಕೊಂಡರೆ ದೇವರು ಪಕ್ಕದಲ್ಲೇ ಇದ್ದಂತೆ ಅನಿಸುವ ಯಂತ್ರ, ಒಂದು ಸಾವು. ಶುರು ಚೆನ್ನಾಗಿದೆ. ಆದರೆ ಕೊಲೆ ಮಾಡಿದವನು ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರುವ ಹುಡುಗ ಅಂತ ತಿಳಿದಾಗ ತುಂಬಾ ಬೇಜಾರಾಯಿತು. ದಯವಿಟ್ಟು ಅದನ್ನು ಬದಲಿಸು. ಆ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಎತ್ತುವವರಲ್ಲ. ಪೆಟ್ಟು ತಿನ್ನುವವರೇ ಜಾಸ್ತಿ. ನಿಮ್ಹಾನ್ಸ್ ಹೊರರೋಗಿ ವಿಭಾಗದ ಹತ್ತಿರ ಒಂದು ಬೆಳಗ್ಗೆ ಸುಮ್ನೆ ಕೂತು ನೋಡು. ರಾತ್ರಿ ಬಸ್ಸಿಗೆ ಊರಿಂದ ಬಂದ ಅಮ್ಮ, ಎದೆಗೆ ಒತ್ತಿಕೊಂಡ ಫೈಲು, ಪಕ್ಕದಲ್ಲಿ ಮಗ, ಅವನ ತೋಳಿಗೆ ತಾಯತ. ಅವಳಿಗೆ ಮಾತ್ರೆಯೂ ಬೇಕು, ತಾಯತವೂ ಬೇಕು. ನಿನ್ನ ಕಥೆ ಇರುವುದು ಅಲ್ಲಿ.

ಯಂತ್ರದ ವಿಷಯಕ್ಕೆ ಬರ್ತೀನಿ. ಕೆನಡಾದಲ್ಲಿ ಮೈಕೆಲ್ ಪರ್ಸಿಂಗರ್ ಅನ್ನೋ ಸಂಶೋಧಕರು ಇಂಥದ್ದೇ ಹೆಲ್ಮೆಟ್ ಬಳಸಿದ್ದರು. ತಲೆಗೆ ಸಣ್ಣ ಕಾಂತಕ್ಷೇತ್ರ ಹಾಯಿಸಿದರೆ ಯಾರೋ ಹತ್ತಿರ ಇದ್ದಂತೆ ಅನಿಸುತ್ತದೆ ಎಂದರು. 2005ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗದಲ್ಲಿ, ಯಂತ್ರ ಯಾರಿಗೆ ಆನ್ ಆಗಿದೆ ಅಂತ ನಡೆಸುವವರಿಗೂ ಗೊತ್ತಾಗದ ಹಾಗೆ ನೋಡಿಕೊಂಡರು. ಆನ್ ಇರಲಿ, ಆಫ್ ಇರಲಿ, ವ್ಯತ್ಯಾಸ ಕಾಣಲಿಲ್ಲ. ಹೇಳಿದ್ದನ್ನು ಬೇಗ ಮನಸ್ಸಿಗೆ ತಗೊಳ್ಳುವವರಿಗೆ ಅನುಭವ ಜಾಸ್ತಿ ಆಗಿತ್ತು. ಪರ್ಸಿಂಗರ್ ಇದನ್ನು ಒಪ್ಪಲಿಲ್ಲ. ಒಪ್ಪದಿದ್ದರೂ ನಿನಗೆ ಎಂಥ ಸುಳಿವು ನೋಡು! ಆ ರಾತ್ರಿ ಯಂತ್ರ ಆನ್ ಆಗಿರಲೇ ಇಲ್ಲ ಅಂತ ನಿನ್ನ ಇನ್ಸ್‌ಪೆಕ್ಟರ್‌ಗೆ ಗೊತ್ತಾಗಲಿ. ಹಾಗಾದರೆ ದೇವರು ಬಂದೇ ಬರ್ತಾನೆ ಅಂತ ಹುಡುಗನ ಕಿವಿಗೆ ಮೊದಲೇ ಊದಿದವರು ಯಾರು? ಅವರ ಬೆನ್ನು ಹತ್ತಲಿ.

ಟೆಂಪೊರಲ್ ಲೋಬ್ ಮೂರ್ಛೆಯ (ಮೆದುಳಿನ ಪಕ್ಕದ ಭಾಗದಲ್ಲಿ ಶುರುವಾಗುವ ಮೂರ್ಛೆರೋಗ) ಭಾಗ ಅವಸರದಲ್ಲಿ ಬರೆದಂತಿದೆ. ಅಪರೂಪಕ್ಕೆ ಕೆಲವರಿಗೆ ಆಗ ಹೇಳತೀರದ ಆನಂದ ಆಗುವುದು ನಿಜ. ನಿನ್ನ ಡಾಕ್ಟರು ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆಯ ಗೆರೆಗಳನ್ನು, ತೋರಿಸಿ "ಇಷ್ಟೇ ನಿನ್ನ ದೇವರು" ಅಂದುಬಿಡುತ್ತಾಳೆ. ಮಾವಿನಹಣ್ಣು ತಿಂದಾಗಲೂ ಮೆದುಳಲ್ಲಿ ಏನೋ ನಡೆಯುತ್ತೆ, ಅಲ್ವಾ? ಅದರಿಂದ ಹಣ್ಣು ಸುಳ್ಳಾಗುವುದಿಲ್ಲ. ಹಾಗಂತ ಇಇಜಿ ದೇವರಿಗೆ ಸಾಕ್ಷಿಯೂ ಅಲ್ಲ. ಜಾತ್ರೆಯಲ್ಲಿ ಮೈಮೇಲೆ ಬಂದದ್ದನ್ನೆಲ್ಲ ಮನೋವೈದ್ಯರು ಕಾಯಿಲೆ ಅನ್ನುವುದಿಲ್ಲ. ನಿದ್ದೆ, ಊಟ, ಕೆಲಸ ಕೆಟ್ಟು ಮನುಷ್ಯ ನರಳುತ್ತಿದ್ದಾನಾ ಅಂತ ಕೇಳುತ್ತಾರೆ. ನಿನ್ನ ಡಾಕ್ಟರೂ ಅದನ್ನೇ ಕೇಳಲಿ.

ಆ ಹುಡುಗನಿಗೆ ಒಂದು ಇಡೀ ಅಧ್ಯಾಯ ಕೊಡು, ಅವನ ಮಾತಿನಲ್ಲೇ. ಈಗ ಎಲ್ಲರೂ ಅವನ ಬಗ್ಗೆ ಮಾತಾಡುತ್ತಾರೆ, ಅವನು ಮಾತ್ರ ಬಾಯಿ ಬಿಡುವುದಿಲ್ಲ. ಆ ಅಧ್ಯಾಯ ಆದ ತಕ್ಷಣ ಕಳಿಸು, ಮಿಕ್ಕಿದ್ದು ಆಮೇಲೆ ತಿದ್ದಿದರಾಯಿತು.

ಪ್ರೀತಿಯಿಂದ,
ನಿನ್ನ ಅಣ್ಣ