ಗಿಟಾರ್ ಕಲಿಯುವವರಿಗೆ ಐದು ಗೆರೆಯ ಓದೂ ಬೇಕು

ಮಾನ್ಯ ಸಂಪಾದಕರೇ,

ಗಿಟಾರ್ ಹಿಡಿದವರಿಗೆ ಮೊದಲ ವಾರದಲ್ಲೇ ಸಿಗುವ ಸಲಹೆಯೊಂದಿದೆ: ‘ಐದು ಗೆರೆಯ ನೊಟೇಶನ್ ಪಿಯಾನೊದವರಿಗೆ, ನಿಮಗೆ ಟ್ಯಾಬ್ ಸಾಕು.’ ಇದು ಅರ್ಧ ಮಾತ್ರ ಸರಿ. ಟ್ಯಾಬ್ ಎಂದರೆ ತಂತಿಗಳನ್ನೇ ಗೆರೆಗಳಾಗಿ ಎಳೆದು ಅವುಗಳ ಮೇಲೆ ಅಂಕಿ ಬರೆಯುವ ರೀತಿ. ಯಾವ ತಂತಿ, ಯಾವ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಎಂಬುದನ್ನು ಅದು ಹೇಳುತ್ತದೆ. ಆ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಇಂದು ಬರಿಯ ಅಂಕಿಗಳಲ್ಲಿ ಹರಿದಾಡುವ ಟ್ಯಾಬ್‌ಗಳು ಹೇಳುವುದಿಲ್ಲ. ಹಾಗಾಗಿ ಮೊದಲೇ ಕೇಳಿದ ಹಾಡನ್ನು ಅದರಿಂದ ನುಡಿಸಬಹುದು, ಕೇಳದ್ದನ್ನು ನುಡಿಸಲಾಗದು. ಟ್ಯಾಬ್ ಹುಟ್ಟಿದ್ದೇ ಹೀಗೆ ಎಂದಲ್ಲ. 16ನೇ ಶತಮಾನದಲ್ಲಿ ಗಿಟಾರಿನಂಥ ತಂತಿವಾದ್ಯಗಳಾದ ಲೂಟ್ ಮತ್ತು ವಿಹುಯೆಲಾಗಳ ಪುಸ್ತಕಗಳಲ್ಲಿ ಅಂಕಿ ಅಥವಾ ಅಕ್ಷರಗಳ ಮೇಲೆ ಕಾಲದ ಗುರುತುಗಳೂ ಇರುತ್ತಿದ್ದವು.

ಗಿಟಾರಿನಲ್ಲಿ ಓದು ತೊಡಕಿನದು ಎಂಬುದು ಸುಳ್ಳಲ್ಲ. ಪಿಯಾನೊದಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಗಿಟಾರಿನಲ್ಲಿ ಹಾಗಿಲ್ಲ. ಸ್ವರಗಳಿಗೆ ಎ ಯಿಂದ ಜಿ ವರೆಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಗೆರೆಗಳ ನಡುವಿನ ಸಂದುಗಳಲ್ಲಿ ಎಲ್ಲಕ್ಕಿಂತ ಮೇಲಿನದರಲ್ಲಿ ಬರೆದ ಇ ಸ್ವರ 1ನೇ (ಎಲ್ಲಕ್ಕಿಂತ ತೆಳುವಾದ) ತಂತಿಯನ್ನು ಒತ್ತದೆ ಮೀಟಿದರೂ ಬರುತ್ತದೆ, 2ನೇ ತಂತಿಯ 5ನೇ ಫ್ರೆಟ್, 3ನೆಯದರ 9, 4ನೆಯದರ 14, 5ನೆಯದರ 19ರಲ್ಲೂ ಬರುತ್ತದೆ. ಕಲಿಯುವವರು ಗಾಬರಿಯಾಗುವುದು ಇಲ್ಲೇ. ಆದರೆ ಮೊದಲ ಕೆಲವು ತಿಂಗಳು ಈ ಐದೂ ಜಾಗ ಬೇಕಿಲ್ಲ. ಓಪನ್ (ಬೆರಳು ಒತ್ತದ) ತಂತಿಯಿಂದ 3ನೇ ಫ್ರೆಟ್‌ವರೆಗೆ ಶಾರ್ಪ್ (ಒಂದು ಫ್ರೆಟ್ ಏರಿಸುವ ಗುರುತು), ಫ್ಲಾಟ್ (ಒಂದು ಫ್ರೆಟ್ ಇಳಿಸುವ ಗುರುತು) ಇಲ್ಲದ ಸ್ವರಗಳು ಬರೀ 17. 3ನೆಯದಾದ ಜಿ ತಂತಿಯಲ್ಲಿ ಎರಡು, ಉಳಿದ ಐದರಲ್ಲಿ ಮೂರು ಮೂರು. ಅಷ್ಟು ಗಟ್ಟಿಯಾಗುವವರೆಗೆ ಕೈ ಆ ಜಾಗ ಬಿಟ್ಟು ಮೇಲೆ ಹೋಗಬಾರದು.

ಅದಕ್ಕೂ ಮೊದಲು ತಾಳ. ಒಂದೇ ತಂತಿ ಮೀಟುತ್ತಾ, ತಾಳದ ಬಡಿತ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಬಾಯಲ್ಲಿ ಒಂದು-ಎರಡು-ಮೂರು-ನಾಲ್ಕು ಎಣಿಸುತ್ತಾ ಬರೀ ಕಾಲವನ್ನು ಓದಬೇಕು: ಕ್ವಾರ್ಟರ್ ನೋಟ್ (ಒಂದು ಎಣಿಕೆ), ಹಾಫ್ ನೋಟ್ (ಎರಡು), ಆಮೇಲೆ ಎಯ್ತ್ ನೋಟ್‌ಗಳ ಜೋಡಿ (ಅರ್ಧ ಅರ್ಧ), ಕೊನೆಗೆ ಚುಕ್ಕೆ ಇಟ್ಟ ನೋಟ್ (ಒಂದೂವರೆ ಪಟ್ಟು). ರೆಸ್ಟ್ (ಮೌನದ ಗುರುತು) ಬಂದಾಗ ಎಣಿಕೆ ನಿಲ್ಲಬಾರದು, ತಂತಿ ಮಾತ್ರ ನಿಲ್ಲಬೇಕು. ಬಹಳ ಜನ ರೆಸ್ಟನ್ನು ಮುಂದಿನ ಸ್ವರ ಹುಡುಕಲು ಸಿಕ್ಕ ಬಿಡುವೆಂದುಕೊಳ್ಳುತ್ತಾರೆ, ಬಾರ್ (ಎಣಿಕೆಯ ಒಂದು ಸುತ್ತು ತುಂಬುವ, ಎರಡು ನಿಲುಗೆರೆಗಳ ನಡುವಿನ ಭಾಗ) ಉದ್ದವಾಗಿಬಿಡುತ್ತದೆ.

ಸ್ವರಗಳಿಗೆ ಬಂದಾಗ ಓಪನ್ ತಂತಿಗಳನ್ನೇ ಗೂಟಗಳಾಗಿ ನೆಟ್ಟುಕೊಳ್ಳುವುದು ಒಳ್ಳೆಯದು. ಗೆರೆಗಳನ್ನು ಕೆಳಗಿನಿಂದ ಎಣಿಸಿದರೆ 2ನೇ ಗೆರೆಯ ಮೇಲೆ ಜಿ, ನಡುಗೆರೆಯ ಮೇಲೆ ಬಿ, ಮೇಲಿನ ಸಂದಿನಲ್ಲಿ ಇ. ಡಿ ಕೆಳಗೆರೆಗೆ ತಗುಲಿಕೊಂಡಂತೆ ಅದರ ಕೆಳಗೆ ನಿಲ್ಲುತ್ತದೆ. 5ನೇ ತಂತಿಯ ಎ ಕೆಳಗಿನ ಎರಡನೇ ಲೆಡ್ಜರ್ ಗೆರೆಯ (ಐದರಾಚೆ ಸೇರಿಸುವ ಪುಟ್ಟ ಗೆರೆ) ಮೇಲೆ, 6ನೇ ತಂತಿಯ ಇ ಮೂರನೇ ಲೆಡ್ಜರ್ ಗೆರೆಗೂ ಕೆಳಗೆ. ಬಿ-ಸಿ ನಡುವೆ, ಇ-ಎಫ್ ನಡುವೆ ಒಂದೇ ಫ್ರೆಟ್, ಉಳಿದ ಅಕ್ಕಪಕ್ಕದ ಸ್ವರಗಳಿಗೆ ಎರಡು. ಈ ಲೆಕ್ಕ ತಲೆಯಲ್ಲಿದ್ದರೆ ಮಿಕ್ಕವು ತಾವೇ ಕೂರುತ್ತವೆ. ಬಾರಿನೊಳಗೆ ಒಮ್ಮೆ ಬರೆದ ಶಾರ್ಪ್ ಅದೇ ಗೆರೆಯ ಅಥವಾ ಸಂದಿನ ಸ್ವರಕ್ಕೆ ಆ ಬಾರ್ ಮುಗಿಯುವವರೆಗೂ ಅನ್ವಯಿಸುತ್ತದೆ ಎಂಬುದೂ ನೆನಪಿರಲಿ.

ಅನೇಕ ಪುಸ್ತಕಗಳು ಒಂದು ವಿಷಯವನ್ನು ಒತ್ತಿ ಹೇಳುವುದಿಲ್ಲ. ಗಿಟಾರಿನ ಸ್ವರ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಕೆಲವು ಪುಟಗಳಲ್ಲಿ ಸಾಲಿನ ಆರಂಭದ ಗುರುತಾದ ಟ್ರೆಬಲ್ ಕ್ಲೆಫ್‌ನ ಕೆಳಗೆ ಕಾಣುವ ಪುಟ್ಟ 8ರ ಅರ್ಥ ಇದೇ. ಇದು ಗೊತ್ತಿಲ್ಲದೆ ಮೇಲಿನ ಸಂದಿನ ಇ ಯನ್ನು ಪಿಯಾನೊದಲ್ಲಿ ಒತ್ತಿ, 1ನೇ ತಂತಿಯನ್ನು ಅದಕ್ಕೆ ಕೂಡಿಸಲು ಬಿಗಿದರೆ ಆ ಎತ್ತರ ಮುಟ್ಟುವ ಮೊದಲೇ ತಂತಿ ತುಂಡಾಗುತ್ತದೆ. ಆ ತಂತಿಯ ಸರಿಯಾದ ಶ್ರುತಿ ಸುಮಾರು 330 ಹರ್ಟ್ಜ್, ಪಿಯಾನೊದಲ್ಲಿ ಒತ್ತಿದ್ದು ಅದರ ಎರಡರಷ್ಟು.

ಕ್ಲಾಸಿಕಲ್ ಗಿಟಾರಿನ ಪುಟಗಳಲ್ಲಿ ಇನ್ನೊಂದು ಮಜಲು. ಒಂದೇ ಐದು ಗೆರೆಯಲ್ಲಿ ಎರಡು ದನಿ ಇರುತ್ತವೆ: ಸ್ವರದ ಗುಂಡಿಗೆ ಅಂಟಿದ ಕಡ್ಡಿ ಮೇಲಕ್ಕಿದ್ದರೆ ರಾಗದ ಸಾಲು, ಕೆಳಕ್ಕಿದ್ದರೆ ಬೇಸ್ (ತಗ್ಗು ದನಿ). ಮೂರು ಬೀಟಿನ ಬಾರಿನಲ್ಲಿ ಮೇಲೆ ಮೂರು, ಕೆಳಗೆ ಮೂರು ಬೀಟ್ ಕಂಡಾಗ ಎಲ್ಲವನ್ನೂ ಕೂಡಿಸಿ ಆರು ಎಣಿಸುವುದು ತೀರಾ ಸಾಮಾನ್ಯ ತಪ್ಪು. ಎರಡೂ ಸಾಲು ಒಟ್ಟೊಟ್ಟಿಗೇ ಸಾಗುತ್ತವೆ. ಬೇಸ್ ಮೂರು ಬೀಟ್ ಎಂದಿದ್ದರೆ, ಮೇಲಿನ ರಾಗ ಎಷ್ಟೇ ಓಡಾಡಲಿ, ಬೇಸ್ ಒತ್ತಿದ ಎಡಗೈ ಬೆರಳು ಬಾರ್ ಮುಗಿಯುವವರೆಗೆ ಏಳಬಾರದು. ನನ್ನ ಮಟ್ಟಿಗೆ ಐದು ಗೆರೆಯ ಬರಹದ ದೊಡ್ಡ ಉಪಕಾರ ಇದು. ಬರಿಯ ಅಂಕಿಗಳ ಟ್ಯಾಬ್‌ನಲ್ಲಿ ಈ ಎರಡು ದನಿ ಬೇರೆಬೇರೆಯಾಗಿ ಕಾಣುವುದೇ ಇಲ್ಲ. ಐದು ಗೆರೆಯ ಪುಟದಲ್ಲೂ ಅಂಕಿಗಳಿರುತ್ತವೆ: ವೃತ್ತದೊಳಗಿನ ಅಂಕಿ ತಂತಿಯದು, ಬರಿಯ 1ರಿಂದ 4 ಎಡಗೈ ಬೆರಳಿನದು, 0 ಓಪನ್ ತಂತಿ, ರೋಮನ್ ಅಂಕಿ ಕೈ ನಿಲ್ಲಬೇಕಾದ ಫ್ರೆಟ್. ವೃತ್ತ ಗಮನಿಸದೆ 3ನೇ ತಂತಿ ಎಂಬುದನ್ನು 3ನೇ ಬೆರಳು ಎಂದು ಓದಿದರೆ ಮುಂದಿನ ಎರಡು ಬಾರ್ ಕೈತಪ್ಪಿದಂತೆ.

ಮೊದಲ ಜಾಗ ಗಟ್ಟಿಯಾದ ಮೇಲೆ ನೇರವಾಗಿ ತೋರುಬೆರಳು 5ನೇ ಫ್ರೆಟ್‌ನಲ್ಲಿ ನಿಲ್ಲುವ 5ನೇ ಪೊಸಿಷನ್‌ಗೆ ಹೋಗುವುದು ಲೇಸು. 5ರಿಂದ 8ನೇ ಫ್ರೆಟ್‌ನೊಳಗೆ ಶಾರ್ಪ್, ಫ್ಲಾಟ್ ಇಲ್ಲದ ಸ್ವರಗಳೆಲ್ಲ ಸಿಗುತ್ತವೆ, ಒಂದನ್ನು ಬಿಟ್ಟು. ನಡುವಿನ ಬಿ ಗೆ ತೋರುಬೆರಳನ್ನು 3ನೇ ತಂತಿಯ 4ನೇ ಫ್ರೆಟ್‌ಗೆ ಹಿಂದಕ್ಕೆ ಚಾಚಬೇಕು.

ಅಭ್ಯಾಸ ದಿನಕ್ಕೆ 15 ನಿಮಿಷ ಸಾಕು, ಆದರೆ ದಿನವೂ ಹೊಸ ಸಾಲು ಬೇಕು. ಒಂದೇ ಸಾಲನ್ನು ಮೂರು ಸಲಕ್ಕಿಂತ ಹೆಚ್ಚು ನುಡಿಸಿದರೆ ಕೈ ಅದನ್ನು ಕಂಠಪಾಠ ಮಾಡಿಕೊಳ್ಳುತ್ತದೆ, ಕಣ್ಣು ಕೆಲಸ ಬಿಡುತ್ತದೆ. ಅನುಮಾನವಿದ್ದರೆ ಅದೇ ಸಾಲನ್ನು ಬಲದಿಂದ ಎಡಕ್ಕೆ ನುಡಿಸಿ ನೋಡಲಿ. ತಡವರಿಸಿದರೆ ಅಲ್ಲಿವರೆಗೆ ನಡೆದದ್ದು ಓದಲ್ಲ, ನೆನಪು. ತಪ್ಪಿದಾಗ ಹಿಂದಕ್ಕೆ ಹೋಗಿ ತಿದ್ದುವ ಚಟವೂ ಬೇಡ, ಮುಂದಿನ ಬಾರಿನ ಮೊದಲ ಬೀಟಿಗೆ ಸೇರಿಕೊಳ್ಳಬೇಕು.

ಗಿಟಾರ್ ಪಾಠ ಅಚ್ಚು ಮಾಡುವವರಲ್ಲಿ ನಿಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ಐದು ಗೆರೆಯ ಅಡಿಯಲ್ಲೇ ಟ್ಯಾಬ್ ಸಾಲು ಮುದ್ರಿಸಿದರೆ ಕಲಿಯುವವರ ಕಣ್ಣು ಅಂಕಿಗಳಿಗೇ ಜಾರುತ್ತದೆ, ಮೇಲಿನ ಸಾಲು ಅಲಂಕಾರವಾಗುತ್ತದೆ. ಟ್ಯಾಬ್ ಬೇಕೇ ಬೇಕಾದರೆ ಪುಟದ ಹಿಂಬದಿಯಲ್ಲಿ ಕೊಡಿ. ಟ್ಯಾಬ್ ಮಾತ್ರ ಕೊಡುವವರು ಅಂಕಿಗಳ ಮೇಲೆ ಕಾಲದ ಕಡ್ಡಿಗಳನ್ನಾದರೂ ಸೇರಿಸಿ.

– ಒಬ್ಬ ಗಿಟಾರ್ ಶಿಕ್ಷಕ