ಕುಸಿದ ಮಣ್ಣು ಎಲ್ಲಿಯವರೆಗೆ ಹೋಗುತ್ತದೆ?

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟಿಗೆ ತೋಡಿದ್ದ ಗುಂಡಿಯ ಅಂಚು ಕುಸಿಯಿತು. ಮೊದಲು ಕಾಂಪೌಂಡ್ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಮರುದಿನ ಅದರಲ್ಲಿ ಬೆರಳು ತೂರುತ್ತಿತ್ತು. ಮೂರನೇ ಬೆಳಿಗ್ಗೆ ಕೆಮ್ಮಣ್ಣು ಗೋಡೆ ಸಮೇತ ಹರಿದು ಗುಂಡಿ ಸೇರಿತು. ಪುಣ್ಯಕ್ಕೆ ಕೆಲಸದವರು ತಿಂಡಿಗೆ ಹೋಗಿದ್ದರು.

ಹರಿದು ಅಂತ ಬೇಕೆಂದೇ ಬರೆದೆ. ಟಿಪ್ಪರ್ ಎಂ-ಸ್ಯಾಂಡ್ ಸುರಿಯುವುದನ್ನು ನೋಡಿದ್ದೀರಿ, ಅಲ್ವಾ? ತೊಟ್ಟಿ ಮೇಲೇಳುತ್ತಿದ್ದರೂ ಮರಳು ಸ್ವಲ್ಪ ಹೊತ್ತು ಅಲ್ಲಾಡುವುದಿಲ್ಲ. ಆಮೇಲೆ ಒಮ್ಮೆಲೇ ನೀರಿನ ಹಾಗೆ ಜಾರುತ್ತದೆ. ಕೆಳಗೆ ಬಿದ್ದು ಮತ್ತೆ ಗುಡ್ಡೆಯಾಗಿ ನಿಲ್ಲುತ್ತದೆ.

ನಾನು ಸಿವಿಲ್ ಎಂಜಿನಿಯರ್. ನಾವು ಮಾಡುವ ಮಾಮೂಲಿ ಲೆಕ್ಕ ಇಳಿಜಾರು ನಿಲ್ಲುತ್ತದೋ ಇಲ್ಲವೋ ಅನ್ನುವಲ್ಲಿಗೆ ಮುಗಿಯುತ್ತದೆ. ಕುಸಿದ ಮೇಲಿನ ಕಥೆ ಅದಕ್ಕೆ ಗೊತ್ತಿಲ್ಲ. ಸಾಮಾನ್ಯ ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಕಂಪ್ಯೂಟರ್ ಮಣ್ಣನ್ನು ಬಲೆಯ ಕಣ್ಣುಗಳಂಥ ಸಣ್ಣ ತುಂಡುಗಳಾಗಿ ವಿಂಗಡಿಸುತ್ತದೆ. ಮಣ್ಣು ಜಾಸ್ತಿ ಜರುಗಿದರೆ ಆ ಬಲೆಯೂ ತಿರುಚಿಕೊಂಡು ಲೆಕ್ಕವೇ ಕೆಡುತ್ತದೆ. ಮೆಟೀರಿಯಲ್ ಪಾಯಿಂಟ್ ವಿಧಾನದಲ್ಲಿ ಹಾಗಲ್ಲ, ಅಲ್ಲಿ ಮಣ್ಣೆಂದರೆ ಬಿಂದುಗಳ ಗುಂಪು. ಮಣ್ಣಿನ ತೂಕ, ವೇಗ ಎಲ್ಲವನ್ನೂ ಬಿಂದುಗಳೇ ಹೊತ್ತು ಸಾಗುತ್ತವೆ. ಬಲೆಯನ್ನು ಪ್ರತಿ ಹೆಜ್ಜೆಗೂ ಹೊಸದಾಗಿ ಹಾಸಬಹುದು. ಮಣ್ಣಿನ ಒಂದೊಂದು ಕಾಳಿನ ಡಿಕ್ಕಿಯನ್ನೂ ಎಣಿಸುವ ವಿಧಾನವಂತೂ 1979ರಿಂದಲೇ ಇದೆ.

2024ರ ಜುಲೈನಲ್ಲಿ ಶಿರೂರಿನ ಗುಡ್ಡದ ಮಣ್ಣು ಹೆದ್ದಾರಿ ದಾಟಿ ಗಂಗಾವಳಿ ನದಿಗೆ ಬಿತ್ತು. ಅಲ್ಲಿ ಜೀವ ತೆಗೆದದ್ದು ಮಣ್ಣು ಸಾಗಿದ ಆ ದೂರ.

ಕುಸಿದ ಮಣ್ಣು ಎಷ್ಟು ದೂರ ಸಾಗುತ್ತದೆ ಅನ್ನುವ ಲೆಕ್ಕಕ್ಕೆ ಉಚಿತ ತಂತ್ರಾಂಶಗಳಿವೆ. ಬೆಂಗಳೂರಿನಲ್ಲಿ ಆಳದ ಗುಂಡಿಗೆ ಅನುಮತಿ ಕೊಡುವ ಮುನ್ನ, ಒದ್ದೆ ಮಣ್ಣಿನ ಪರೀಕ್ಷೆಯ ಜೊತೆ ಈ ಲೆಕ್ಕವನ್ನೂ ಕೇಳಿ ಪಡೆಯಬೇಕೆಂದು ಪಾಲಿಕೆಗಳನ್ನು ಕೋರುತ್ತೇನೆ.

– ಓದುಗ, ರಾಜಾಜಿನಗರ, ಬೆಂಗಳೂರು